ದುಪ್ಪಟ್ಟಾಗುವ ಬಿರುಕು

ಜುಲೈ ೧೪, ರಾತ್ರಿ

ನಮ್ಮ ಡೇರೆಗಳ ಮೇಲಿನ ಗುಡ್ಡದ ಬಿರುಕಿನ ಗುಣವನ್ನು ಮೊದಲು ಹೇಳಿದವಳು ರಾಜಧಾನಿ ಬಿಷ್ಕೆಕ್‌ನಿಂದ ಬಂದ ಭೂವಿಜ್ಞಾನಿ ಜೂರಾ, ನಿನ್ನೆ ಸಂಜೆ, ಬೇಸಿಗೆ ಮೇವಿಗೆಂದು ಇಲ್ಲಿ ಹಾಕಿದ ನಮ್ಮ ಡೇರೆಯಲ್ಲಿ ಕುದುರೆ ಹಾಲು ಕುಡಿಯುತ್ತ. ಮೊದಲ ವಾರ ಒಂದು ಬೆರಳು ಬಾಯಿಬಿಟ್ಟ ಬಿರುಕು ಎರಡನೆಯ ವಾರ ಎರಡು ಬೆರಳು, ಈ ವಾರ ನಾಲ್ಕು ಬೆರಳು ಅಗಲವಾಗಿದೆ.

"ವಾರಕ್ಕೆ ಎರಡು ಬೆರಳು ತಾನೆ? ತೀರಿಹೋದ ನಮ್ಮಣ್ಣನ ನಲವತ್ತನೇ ದಿನದ ಊಟ ಮುಗಿಸ್ಕೊಂಡೇ ಇಳಿಯೋಣ ಬಿಡು ಮಗಳೆ," ಎಂದ ಮಾವ ತೊಕ್ತೊಸುನ್.

"ಹಾಗೆ ಸಮನಾಗಿ ಹೋಗಲ್ಲ ಅಜ್ಜ. ದುಪ್ಪಟ್ಟಾಗ್ತಾ ಆಗ್ತಾ ಒಂದು ಗಳಿಗೇಲಿ ಗುಡ್ಡಾನೇ ಬಿದ್ದುಬಿಡುತ್ತೆ."

"ಗುಡ್ಡಕ್ಕೂ ಮಗ್ಗಿ ಹೇಳಿಕೊಟ್ಟಿದೀಯಾ?"

ಎಲ್ಲರೂ ನಕ್ಕರು. ದಿನಾ ದಾರ ಹಿಡಿದು ಬಿರುಕು ಅಳೆಯುವ ನನಗೆ ನಗು ಬರಲಿಲ್ಲ.

ಇವತ್ತು ಬೆಳಿಗ್ಗೆ ನಕ್ಕವರೇ ಸೇರಿ ಡೇರೆಗಳನ್ನು ಇಪ್ಪತ್ತು ಹೆಜ್ಜೆ ಕೆಳಗೆ ಹಾಕಿಕೊಂಡು, ಇನ್ನು ಭಯವಿಲ್ಲವೆಂದು ಚಹಾ ಕುಡಿದರು. ಗುಡ್ಡ ಬಿದ್ದರೆ ಕಣಿವೆಯ ತಳದ ಹೊಳೆಯವರೆಗೂ ಬರುತ್ತದೆ. ಮಕ್ಕಳನ್ನು ಬೂಟು ಹಾಕಿಯೇ ಮಲಗಿಸಿದ್ದೇನೆ.