ನಾನು ಹುಲ್ಲೆಂದು ಬರೆದುಕೊಟ್ಟ ಜೇಕು

ಬೆಟ್ಟ ಪ್ರವಾಸ ಸೌಲಭ್ಯ ವಿಭಾಗದ ಅಧಿಕಾರಿಗಳೇ,

ಕೊರಟಗೆರೆ ಸೀಮೆಯ ನಮ್ಮ ಜೇನುಕಲ್ಲು ಗುಡ್ಡದ ಮೇಲಿನ ಜವುಗನ್ನು ಮಣ್ಣು ತುಂಬಿ ಮುಚ್ಚಿ, ಅಲ್ಲಿ ಸೆಲ್ಫಿ ಕಟ್ಟೆ ಕಟ್ಟಲು ತಾವು ಹೊರಡಿಸಿದ ಆದೇಶ ಓದಿದೆ. ‘ಸದರಿ ಸ್ಥಳದಲ್ಲಿ ಕಳೆಹುಲ್ಲಿನ ಹೊರತು ಬೇರೇನೂ ಇರುವುದಿಲ್ಲ’ ಎಂಬ ಸಾಲು ಬಲು ಗಂಭೀರವಾಗಿದೆ. ಅದರ ಕೆಳಗೆ ಸ್ಥಳೀಯ ತಜ್ಞನೆಂದು ಸಹಿ ಹಾಕಿದವನು ನಾನೇ ಆದ್ದರಿಂದ ತಮ್ಮೊಬ್ಬರನ್ನೇ ಬೈಯುವ ಸುಖ ನನಗಿಲ್ಲ.

ನಡೆದದ್ದು ಇಷ್ಟು. ಜೀಪಿನಲ್ಲಿ ಬಂದ ತಮ್ಮ ಸಿಬ್ಬಂದಿ ಗುಡ್ಡ ಹತ್ತಲಿಲ್ಲ, ಬಿಸಿಲಿತ್ತು. ಡ್ರೋನ್ ಹಾರಿಸಿ ತೆಗೆದ ಫೋಟೋ ತೋರಿಸಿ, “ಸಾರ್, ಇದು ಹುಲ್ಲೇ ಅಲ್ವಾ?” ಎಂದರು. ಮಧುಗಿರಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನಾನು ಹೌದೆಂದು ಬರೆದುಕೊಟ್ಟೆ. ತಜ್ಞ ಎಂದು ಕರೆದರಲ್ಲ, ಕರಗಿಬಿಟ್ಟೆ.

ಮರುವಾರ, ಗುಡ್ಡದಲ್ಲಿ ಎಮ್ಮೆ ಮೇಯಿಸುವ ಇಂದ್ರಮ್ಮ ಒಂದು ಹಿಡಿ ಕಿತ್ತುಕೊಂಡು ಮನೆಗೇ ಬಂದರು.

“ಮೇಷ್ಟ್ರೇ, ಇದ್ನ ಹುಲ್ಲು ಅಂತ ಬರ್ಕೊಟ್ಬುಟ್ರಂತೆ?”

“ಹುಲ್ಲಲ್ವೇನಮ್ಮ?”

“ಜೇಕು ಕಣ್ ಮೇಷ್ಟ್ರೇ! ಬೆರಳಲ್ಲಿ ಇಟ್ಕಂಡು ಉಳ್ಳಾಡ್ಸಿ ನೋಡಿ. ಹುಲ್ಲು ದುಂಡಗಿರ್ತದೆ, ಇದು ಮೂರು ಮೂಲೆ.”

ಉರುಳಿಸಿದೆ. ಮೂರೂ ಅಂಚು ಒಂದೊಂದಾಗಿ ಬೆರಳಿಗೆ ತಾಗಿದವು. ಕೊಯ್ದರೆ ಒಳಗೆ ಹುಲ್ಲಿಗಿರುವಂಥ ಟೊಳ್ಳಿಲ್ಲ, ಕಾಂಡದ ಉದ್ದಕ್ಕೂ ಗೆಣ್ಣಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಇದ್ರ ಬೇರು ಹಿಡ್ಕಂಡಿರೋ ನೀರೇ ಕೆಳಗಿನ ಬಂಡೆ ದೊಣೆಗೆ ಒಸರೋದು. ಬ್ಯಾಸಿಗೇಲಿ ಊರು ಕುಡಿಯೋದು ಅದ್ನೇ. ಮುಚ್ಬುಟ್ರೆ ಹೆಂಗೆ?” ಎಂದರು.

ನನ್ನ ಹಳೆಯ ವಿದ್ಯಾರ್ಥಿನಿ, ಈಗ ಸಸ್ಯಶಾಸ್ತ್ರದ ಅಧ್ಯಾಪಕಿಯಾಗಿರುವ ಭುವನಾಳನ್ನು ಕರೆಸಿದೆ. ಅವಳು ಇಂದ್ರಮ್ಮನ ಹಿಂದೆ ಗುಡ್ಡ ಹತ್ತಿ, ಮಂಡಿಯವರೆಗೆ ಕೆಸರಿನಲ್ಲಿ ನಿಂತು ನೋಡಿದಳು. “ಬೆಟ್ಟದ ಜವುಗಲ್ಲಿ ಬೆಳೆಯೋ, ನಮ್ಮ ನೆಲದ್ದೇ ಜೇಕು ಸಾರ್. ಯಾವ ಜಾತಿ ಅಂತ ಖಚಿತವಾಗಿ ಹೇಳೋಕೆ ಕಾಯಿ ಬಲೀಬೇಕು. ಇನ್ನೊಂದು ತಿಂಗಳು ಬೇಕು,” ಎಂದಳು.

ಸಹಿ ಹಿಂಪಡೆಯಲು ತಮ್ಮ ಕಚೇರಿಗೆ ಓಡಿದೆ. ಅಲ್ಲಿನ ಗುಮಾಸ್ತರು ಕಡತ ತೋರಿಸಿದರು.

“ತಜ್ಞರ ಅಭಿಪ್ರಾಯ ಬಂದಾಗಿದೆ, ಬದಲಾಯ್ಸೋಕಾಗಲ್ಲ.”

“ಆ ತಜ್ಞ ನಾನೇ ಕಣಪ್ಪ!”

“ಹಂಗಾದ್ರೆ ಗುರುತಿನ ಚೀಟಿ ತನ್ನಿ.”

ತರುವಷ್ಟರಲ್ಲಿ ಅವರು ಊಟಕ್ಕೆ ಎದ್ದಿದ್ದರು.

ಸೋಮವಾರ ಜೆಸಿಬಿ ಬರುತ್ತದಂತೆ. ಮಾನ್ಯರೇ, ಸೆಲ್ಫಿಗೆ ಇಷ್ಟೊಂದು ಅವಸರವೇ? ಒಂದು ತಿಂಗಳು ತಡವಾದರೆ ಯಾರ ಮುಖ ಬಾಡೀತು? ದೊಣೆ ಬತ್ತಿದರೆ ಮಾತ್ರ ಊರಿನ ಮುಖವೆಲ್ಲ ಬಾಡುತ್ತದೆ. ಆದೇಶವನ್ನು ತಡೆಹಿಡಿಯಿರಿ. ಕಾಯಿ ಬಲಿತ ಮೇಲೆ ಭುವನಾಳ ವರದಿ ಪಡೆಯಿರಿ. ತಜ್ಞರ ಜಾಗದಲ್ಲಿ ನನ್ನ ಹೆಸರು ಹೊಡೆದುಹಾಕಿ ಇಂದ್ರಮ್ಮನ ಹೆಸರು ಬರೆಯಿರಿ. ಅವರಿಗೂ ಸಹಿ ಮಾಡಲು ಬರುತ್ತದೆ. ನೋಡದೆ ಮಾಡುವುದಿಲ್ಲ, ಅಷ್ಟೇ.

ಇಂತಿ,
ತಾನಾಗಿಯೇ ಮಾಜಿಯಾಗಲು ಬೇಡುತ್ತಿರುವ ತಮ್ಮ ತಜ್ಞ,
ರೇಣುಕಯ್ಯ, ನಿವೃತ್ತ ವಿಜ್ಞಾನ ಮೇಷ್ಟ್ರು