ಗೋರಿಗೆ ಇಡುವ ಸಾಮಾನು

ಹ್ಯಾರಿಸ್‌ಡೇಲ್, ಪರ್ತ್
೧೨ ಆಗಸ್ಟ್ ೨೦೧೬

ಮೇದಿನಿಗೆ,

ಹೆಸರಿಗೆ ಮೊದಲು 'ಚಿರಂಜೀವಿ' ಎಂದು ಬರೆಯದಿರುವುದು ಮರೆವಲ್ಲ. ನಮ್ಮನ್ನು ಕೇಳದೆ ಮದುವೆಯಾದ ದಿನವೇ ನಿನಗೆ ಎಳ್ಳುನೀರು ಬಿಟ್ಟಾಗಿದೆ.

ನೀನು ಕಳಿಸಿದ ಪಿಎಚ್‌ಡಿ ಪ್ರಬಂಧವನ್ನು ಪೂರ್ತಿ ಓದಿದೆ. ಪ್ರಾಚೀನ ಚೀನಾದಲ್ಲಿ ಸತ್ತವರ ಜೊತೆ ಹೂಳುವ ಸಾಮಾನು ಬಳಕೆಗೆ ಬರಬಾರದಿತ್ತು, ವಾದ್ಯಕ್ಕೆ ಶ್ರುತಿ ಮಾಡುತ್ತಿರಲಿಲ್ಲ, ಮಡಕೆಯನ್ನು ಅರ್ಧಕ್ಕೇ ಬಿಡುತ್ತಿದ್ದರು ಎಂದು ಹಳೆಯ ಗ್ರಂಥಗಳನ್ನೂ ಅಗೆದ ಗೋರಿಗಳನ್ನೂ ಹೋಲಿಸಿ ಬರೆದಿದ್ದೀಯ. ಮೂವತ್ತು ವರ್ಷ ಗಣಿಗಳಲ್ಲಿ ನೆಲ ಅಗೆಸಿದವನು ನಾನು, ಕೆಲಸ ಅಚ್ಚುಕಟ್ಟಾಗಿದೆ.

ಅದರಂತೆಯೇ ಇಲ್ಲಿದ್ದ ನಿನ್ನ ಸಾಮಾನನ್ನು ಸೇಂಟ್ ಲೂಸಿಯಾದ ನಿಮ್ಮ ಮನೆಯ ವಿಳಾಸಕ್ಕೆ ಕಳಿಸಿದ್ದೇನೆ. ವೀಣೆಯ ತಂತಿಗಳನ್ನು ಬಿಚ್ಚಿದ್ದೇನೆ. ಕುಕ್ಕರಿಗೆ ವೆಯ್ಟ್ ಇಲ್ಲ. ಪೆಟ್ಟಿಗೆ ಬಂದಾಗ ಸಹಿ ಹಾಕಿ ತೆಗೆದುಕೊ. ಉತ್ತರ ಬೇಡ.

ನಿನ್ನ ಅಮ್ಮ ಆ ವೆಯ್ಟನ್ನು ನೀನು ಆರು ವರ್ಷದವಳಿದ್ದಾಗ ಉಡುತ್ತಿದ್ದ ಲಂಗದಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಬಚ್ಚಿಟ್ಟಿದ್ದಳು. "ಅದೊಂದಾದ್ರೂ ಇರ್ಲಿ ಬಿಡ್ರೀ, ಅನ್ನ ಮಾಡ್ಕೊಂಡು ತಿನ್ಲಿ" ಎಂದು ಅತ್ತಳು. ವೆಯ್ಟನ್ನು ತೆಗೆದುಕೊಂಡೆ. ಲಂಗ ನಿನಗೆ ಇನ್ನು ಆಗುವುದಿಲ್ಲ, ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟಿದ್ದೇನೆ.

ಶ್ರೀಪತಿ