‘ಹೌದು’ ಎಂದವರ ಪಟ್ಟಿಯಲ್ಲಿ ಹಸನ್ ಕುಂಞಿಯ ಹೆಸರು

ಮೀನುಗಾರಿಕೆ ಇಲಾಖೆಯ ಮಾನ್ಯ ಅಧಿಕಾರಿಗಳೇ,

ನಮ್ಮೂರ ಅಳಿವೆಯಿಂದ ರಾವಸ್ ಮೀನು ಹೊಳೆಗೆ ಹತ್ತುವ ನಾಲ್ಕು ತಿಂಗಳು ಅಡ್ಡಬಲೆ ನಿರ್ಬಂಧಿಸಬೇಕೇ ಎಂದು ನೀವು ಊರವರ ಮತ ಕೇಳಿದಿರಿ. ಕೇಳಿದ್ದಕ್ಕೆ ನನ್ನ ತಕರಾರಿಲ್ಲ. ಯಾರು ಯಾವ ಕಡೆ ಮತ ಹಾಕಿದರೆಂದು ಹೆಸರು ಸಮೇತ ಜಾಲತಾಣದಲ್ಲಿ ಪ್ರಕಟಿಸಿ, ಅದಕ್ಕೆ ‘ಪಾರದರ್ಶಕತೆ’ ಎಂದು ಹೆಸರಿಟ್ಟಿರಲ್ಲ, ತಕರಾರು ಅದಕ್ಕೆ. ನಿಮ್ಮ ಪಾರದರ್ಶಕತೆ ಇಲ್ಲಿ ಸೌದಿಯ ಜಿಜಾನಿನಲ್ಲಿ ಒಬ್ಬನ ಮೂರು ಬೆರಳು ಕತ್ತರಿಸಿತು, ಇನ್ನೊಬ್ಬರನ್ನು ಜೈಲಿಗೆ ತಳ್ಳಿತು.

ನಾವು ಮೂವರು ಒಂದೇ ಊರಿನವರು. ಬಂದರಿನ ಬಳಿ ಒಂದೇ ಅಂಗಡಿಯಲ್ಲಿ ಮೀನು ಕತ್ತರಿಸಿ, ಒಂದೇ ಕೋಣೆಯಲ್ಲಿ ಮಲಗುವವರು. ಹಿರಿಯರು ಹಸನ್ ಕುಂಞಿ, ನಮಗೆ ಹಸನಾಕ. ಅವರ ತಮ್ಮ ರಹಮತ್ ಅಳಿವೆಯಲ್ಲಿ ಅಡ್ಡಬಲೆ ಕಟ್ಟಿ ಬದುಕುವವನು. ಇನ್ನೊಬ್ಬ ನಝೀಮ್. ಅವನ ತಂದೆ ಎರಡು ಮೈಲು ಮೇಲೆ ಹೊಳೆಯಲ್ಲಿ ಗಾಳ ಹಾಕುವವರು. ಬಲೆ ದಾಟಿ ಅವರವರೆಗೆ ಮೀನು ಬಂದು ವರ್ಷಗಳಾದವು. ಹಾಗಿದ್ದೂ ಹಸನಾಕ, ನಝೀಮ್ ಇಬ್ಬರೂ ಇಲ್ಲಿ ಏಳು ವರ್ಷ ಒಂದೇ ತಟ್ಟೆಯಲ್ಲಿ ಉಂಡರು. ಹಸನಾಕನಿಗೆ ಜ್ವರ ಬಂದಾಗ ಗಂಜಿ ಕಾಯಿಸುತ್ತಿದ್ದವನು ನಝೀಮನೇ.

ಹೊರದೇಶದಲ್ಲಿರುವ ಊರವರೂ ಮೊಬೈಲಿನಲ್ಲಿ ಮತ ಹಾಕಬಹುದೆಂದಿರಿ. ಹಸನಾಕನಿಗೆ ಓದು ಬಾರದು. ಫೋನನ್ನು ನಝೀಮನ ಕೈಗಿತ್ತು, “ಬೇಡ ಅಂತ ಒತ್ತು ಮಾರಾಯ, ತಮ್ಮನ ಅನ್ನ ಅದು” ಎಂದರು. ನಝೀಮ್ ‘ಹೌದು, ನಿರ್ಬಂಧ ಬೇಕು’ ಎಂಬುದನ್ನು ಒತ್ತಿದ. ಪಕ್ಕದಲ್ಲಿದ್ದ ನಾನು ನೋಡಿದೆ, ಸುಮ್ಮನಿದ್ದೆ. ನನ್ನ ಮತವೂ ‘ಹೌದು’ ಆಗಿತ್ತು, ಇಂದಿಗೂ ಅದೇ. ಆದರೆ ಕದ್ದ ಮತ ಬೇಡವೆಂದು ಆಗಲೇ ಬಾಯಿಬಿಡಬೇಕಿತ್ತು.

ನಿಮ್ಮ ಪಟ್ಟಿ ಬಂದ ಮರುದಿನ ಮಧ್ಯಾಹ್ನ ರಹಮತನ ಫೋನು ಬಂತು. ಹಸನಾಕನ ಕೈ ಒದ್ದೆಯಿದ್ದುದರಿಂದ ಸ್ಪೀಕರಿಗೆ ಹಾಕಿದ್ದು ನಾನೇ.

“ನನ್ನ ಬಲೆಗೆ ಬೆಂಕಿ ಹಾಕಿದ್ರು ಅಣ್ಣಾ! ‘ನಿನ್ನ ಅಣ್ಣನೇ ಬಲೆ ಬೇಡ ಹೇಳಿದ್ದಾನೆ’ ಅಂತ ನಿನ್ನ ಹೆಸರು ತೋರಿಸಿ ಹಾಕಿದ್ರು. ನಿನಗೆ ನಾನು ಎಂತ ಮಾಡಿದ್ದೆ?”

ಹಸನಾಕ ನಝೀಮನತ್ತ ತಿರುಗಿದರು. “ನೀನು ಎಂತ ಒತ್ತಿದ್ದು?”

ಅವನು ಸುಳ್ಳು ಹೇಳಬಹುದಿತ್ತು. “ನನ್ನ ಬಾಪನಿಗೂ ಹೊಟ್ಟೆ ಉಂಟಲ್ಲ ಹಸನಾಕ” ಎಂದ.

ಅಂಜಲ್ ಮೀನು ತುಂಡು ಮಾಡುವ ಕತ್ತಿ ಹಸನಾಕನ ಕೈಯಲ್ಲೇ ಇತ್ತು. ಏಟು ಕುತ್ತಿಗೆಗೆ ಬೀಸಿದ್ದು. ನಝೀಮ್ ಕೈ ಅಡ್ಡ ಹಿಡಿದ. ಬಲಗೈಯ ಮೂರು ಬೆರಳು ಮಂಜುಗಡ್ಡೆಯ ಮೇಲೆ, ಮೀನುಗಳ ನಡುವೆ ಬಿದ್ದವು. ಎರಡನೆಯ ಏಟು ಹೆಗಲನ್ನು ಎಲುಬಿನವರೆಗೆ ಸೀಳಿತು. ಹಿಂದಿನಿಂದ ಸೊಂಟ ಹಿಡಿದ ನನ್ನನ್ನು ಅವರು ತಕ್ಕಡಿಯ ಮೇಲೆ ಎಸೆದರು. ಗಿರಾಕಿಗಳು ಅವರನ್ನು ಕೆಡವಿ ಮುಖಕ್ಕೆ ಒದ್ದರು. ಪೊಲೀಸರು ಎಳೆದೊಯ್ಯುವಾಗ ಹಸನಾಕನ ಬಾಯಿ ತುಂಬ ರಕ್ತವಿತ್ತು. “ಅವನ ಕೈ ಕಟ್ಟಿ, ಬೇಗ ಕಟ್ಟಿ” ಎಂದು ಅಳುತ್ತಿದ್ದರು. ನಮ್ಮ ವೀಸಾದ ಧಣಿ ಕಫೀಲ್ ಬಂದು “ಯಲ್ಲಾ, ಬೇಗ ನೀರು ಹಾಕಿ ತೊಳೆಯಿರಿ” ಎಂದ. ಸಂಜೆಯ ಅಸರ್ ನಮಾಝಿನ ನಂತರ ಅಂಗಡಿ ತೆರೆಯಿತು.

ಅದೇ ದಿನ ತಮ್ಮ ಪ್ರಕಟಣೆ: ‘ಮತದಾನ ಪ್ರಕ್ರಿಯೆ ಸಂಪೂರ್ಣ ಶಾಂತಿಯುತ.’ ನಿರ್ಬಂಧ ಗೆದ್ದದ್ದು ಇನ್ನೂರ ಹನ್ನೆರಡು ಮತಗಳ ಅಂತರದಿಂದ. ಹಸನಾಕನ ಒಂದು ಮತ ಯಾರಿಗೂ ಬೇಕೇ ಇರಲಿಲ್ಲ! ಶಾಂತಿಗೆ ಭಂಗ ಬರಲು ಇಲಾಖೆಯ ಲೆಕ್ಕದಲ್ಲಿ ಎಷ್ಟು ಬೆರಳು ಬೀಳಬೇಕು, ಮಾನ್ಯರೇ? ಕಚೇರಿಗೆ ಫೋನ್ ಮಾಡಿದರೆ, “ಸೌದಿ ನಮ್ಮ ವ್ಯಾಪ್ತಿಗೆ ಬರೂದಿಲ್ಲ” ಎಂದರು ತಮ್ಮ ಗುಮಾಸ್ತರು. ಮತ ಕೇಳುವಾಗ ಬಂದಿತ್ತಲ್ಲ?

ಆಸ್ಪತ್ರೆಯಲ್ಲಿ ನಝೀಮ್, “ಹಸನಾಕನ ಮೇಲೆ ಕೇಸು ಬೇಡ ಅಂತ ಬರೆದು ಕೊಡ್ತೇನೆ” ಎಂದು ಪೆನ್ನು ಕೇಳಿದ. ಕೇಳಿದ ಮೇಲೆ ಬ್ಯಾಂಡೇಜು ನೋಡಿಕೊಂಡ. ನಾನು ಬರೆದೆ, ಎಡಗೈ ಹೆಬ್ಬೆಟ್ಟು ಒತ್ತಿದ. ಹಸನಾಕ ಇನ್ನೂ ಒಳಗಿದ್ದಾರೆ.

ಆ ಪಟ್ಟಿಯನ್ನು ಇಂದೇ ತೆಗೆಯಿರಿ. ಈ ಮತದಾನ ರದ್ದು ಮಾಡಿ, ಊರಲ್ಲೇ ಗುಟ್ಟಾದ ಚೀಟಿಯಿಂದ ಮತ್ತೆ ನಡೆಸಿ. ನಿರ್ಬಂಧ ಗೆಲ್ಲುವುದಿದ್ದರೆ ಹಾಗೆ ಗೆಲ್ಲಲಿ. ಅದಕ್ಕೂ ಮೊದಲು ತಾವೇ ರಹಮತನ ಮನೆಗೆ ಹೋಗಿ, ಅಣ್ಣ ಅವನಿಗೆ ದ್ರೋಹ ಮಾಡಲಿಲ್ಲ ಎಂದು ಹೇಳಿ. ನಾನು ಹೇಳಿದರೆ ಅವನು ಫೋನ್ ಇಡುತ್ತಾನೆ.

ಇಂತಿ,
ಈಗ ಮೂವರ ಪಾಲಿನ ಮೀನನ್ನು ಒಬ್ಬನೇ ಕತ್ತರಿಸುತ್ತಿರುವ
ಸವಾದ್, ಜಿಜಾನ್